ಬ್ರಿಟಲ್‌ಬುಷ್ ಒಣಗುತ್ತಿದೆಯಾ? ನಲ್ಲಿ ತಿರುಗಿಸುವ ಮುಂಚೆ ಇಷ್ಟು ನೋಡಿ

ಜೂನ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ತರದ ಫೋಟೊಗಳು ಬರಲು ಶುರುವಾಗುತ್ತವೆ. ಇಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆ ಮನೆ ಮಾಡಿರುವ ನಮ್ಮ ಕನ್ನಡದವರೇ ಕಳಿಸುವುದು. ಮನೆ ಮುಂದಿನ ಜಲ್ಲಿಯಲ್ಲಿ ಒಂದು ಬೂದು ಬಣ್ಣದ ಪೊದೆ. ಅರ್ಧಕ್ಕರ್ಧ ಎಲೆ ಉದುರಿದೆ, ಉಳಿದವು ಮುದುಡಿವೆ, ಮೇಲೆ ಹೂವಿನ ಒಣ ಕಡ್ಡಿಗಳು ಹಾಗೇ ನಿಂತಿವೆ. ಕೆಳಗೆ ಒಂದು ಸಾಲು: "ಫೆಬ್ರವರಿಯಲ್ಲಿ ಮೈತುಂಬ ಹಳದಿ ಹೂ ಬಿಟ್ಟಿತ್ತು, ಈಗ ಹೀಗಾಗಿದೆ. ಡ್ರಿಪ್ ಟೈಮ್ ಜಾಸ್ತಿ ಮಾಡಿದೀನಿ, ಇನ್ನೇನು ಮಾಡಲಿ?"

ಮೊದಲು ಆ ಡ್ರಿಪ್ ಟೈಮ್ ಕಡಿಮೆ ಮಾಡಿ. ಉಳಿದದ್ದು ಆಮೇಲೆ ನೋಡೋಣ.

ಬ್ರಿಟಲ್‌ಬುಷ್ ಸೂರ್ಯಕಾಂತಿ ಬಳಗದ ಪೊದೆ. ಸಸ್ಯಶಾಸ್ತ್ರದ ಹೆಸರು ಎನ್ಸೀಲಿಯಾ ಫ್ಯಾರಿನೋಸಾ. ಫ್ಯಾರಿನೋಸಾ ಅಂದರೆ ಹಿಟ್ಟು ಮೆತ್ತಿದಂಥದ್ದು, ಎಲೆ ಮೇಲಿನ ಬಿಳಿ ರೋಮಗಳನ್ನು ನೋಡಿ ಇಟ್ಟ ಹೆಸರು. ಸೊನೋರಾ ಮತ್ತು ಮೊಹಾವಿ ಮರುಭೂಮಿಗಳು ಇದರ ತವರು: ಅರಿಜೋನಾ, ಕ್ಯಾಲಿಫೋರ್ನಿಯಾದ ಒಳನಾಡು, ನೆವಾಡಾ, ಮೆಕ್ಸಿಕೊದ ವಾಯವ್ಯ ಭಾಗ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್. ನಮ್ಮ ಚಳ್ಳಕೆರೆ ಕಡೆ ಬೀಳುವುದರ ಅರ್ಧವೂ ಅಲ್ಲ. ಅಂಥ ಕಡೆ ಬಂಡೆ ಸಂದಿಯಲ್ಲಿ, ಯಾರೂ ಒಂದು ಚೊಂಬು ನೀರು ಹಾಕದೆ ಬೆಳೆಯುವ ಗಿಡ ಇದು. ಮಾರ್ಚ್‌ನಲ್ಲಿ ಸೌತ್ ಮೌಂಟನ್ ಕಡೆ ಹೋದರೆ ಗುಡ್ಡದ ಇಳಿಜಾರು ಪೂರ್ತಿ ಹಳದಿ. ಅದೇ ಗಿಡ ನಮ್ಮ ಅಂಗಳಕ್ಕೆ ಬಂದು ಮೂರು ವರ್ಷಕ್ಕೆ ಸತ್ತರೆ, ತಪ್ಪು ಎಲ್ಲೋ ನಮ್ಮ ಆರೈಕೆಯಲ್ಲೇ ಇರುತ್ತದೆ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆ ಗಿಡ ಕಳೆದುಕೊಂಡ ಮೇಲೆ. ಅಮ್ಮ ಊರಿಂದ ಬಂದಿದ್ದರು, ಮೇ ತಿಂಗಳಲ್ಲಿ. ಬೆಳಗ್ಗೆ ಎದ್ದು ತುಳಸಿಗೆ ನೀರು ಹಾಕಿ, ಉಳಿದದ್ದನ್ನು ಬಾಗಿಲ ಪಕ್ಕದ ಬ್ರಿಟಲ್‌ಬುಷ್ ಬುಡಕ್ಕೆ ಸುರಿಯುತ್ತಿದ್ದರು. "ಪಾಪ, ಒಣಗ್ತಾ ಇದೆ ಕಣೋ, ನೋಡ್ಕೊಂಡು ಹೆಂಗೆ ಸುಮ್ನಿರೋದು?" ಬರಗಾಲ ಕಂಡ ಸೀಮೆಯವರು, ಬಾಡಿದ ಗಿಡ ಕಂಡರೆ ಅವರ ಕೈ ನಿಲ್ಲುವುದಿಲ್ಲ. ಗಿಡವೂ ಮೊದಮೊದಲು ಸ್ಪಂದಿಸಿತು. ಮೂರು ವಾರದಲ್ಲಿ ಬೂದು ಎಲೆ ಹೋಗಿ ಅಗಲವಾದ ಹಸಿರು ಎಲೆ ಬಂತು, ಕೊಂಬೆಗಳು ಅಡಿಗಟ್ಟಲೆ ಚಾಚಿಕೊಂಡವು. ಅಮ್ಮನಿಗೂ ಖುಷಿ, ನನಗೂ ಖುಷಿ. ಜುಲೈ ಕೊನೆಯಲ್ಲಿ ಒಂದು ಸಂಜೆ ದೂಳಿನ ಬಿರುಗಾಳಿ ಬಂತು. ಬೆಳಗ್ಗೆ ನೋಡಿದರೆ ಗಿಡ ನಡು ಮಧ್ಯ ಸೀಳಿ ಎರಡು ಕಡೆಗೆ ಮಲಗಿತ್ತು. ಉಳಿದ ಅರ್ಧ ಆಗಸ್ಟ್ ಮಳೆಯಲ್ಲಿ ಬುಡ ಕೊಳೆತು ಹೋಯಿತು. ಕಿತ್ತಾಗ ಬೇರಿನ ಸಿಪ್ಪೆ ಬೆರಳಿಗೆ ಹಾಗೇ ಜಾರಿ ಬಂತು, ನೆನೆಸಿದ ಬಾದಾಮಿ ಸಿಪ್ಪೆ ಬಿಡುತ್ತದಲ್ಲ, ಹಾಗೆ.

ಮೊದಲ ಪ್ರಶ್ನೆ: ಇದು ಕಾಯಿಲೆಯಾ, ಕಾಲಮಾನವಾ?

ಕ್ಯಾಲೆಂಡರ್ ನೋಡಿ. ಮೇ ಮಧ್ಯದಿಂದ ಮಳೆಗಾಳಿ ಶುರುವಾಗುವವರೆಗೆ ಎಲೆ ಉದುರುವುದು ಈ ಗಿಡದ ರೂಢಿ. ನೀರು ಕಡಿಮೆಯಾದಾಗ ದೊಡ್ಡ ಎಲೆಗಳನ್ನು ಬಿಟ್ಟುಕೊಡುತ್ತದೆ, ತುದಿಯಲ್ಲಿ ಸಣ್ಣ, ದಪ್ಪ, ಬಿಳಿ ಎಲೆಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ತೀರ ಬರ ಬಿದ್ದರೆ ಅವನ್ನೂ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ.

ಬಣ್ಣದ ಬದಲಾವಣೆಗೂ ಹೆದರಬೇಡಿ. ಚಳಿಗಾಲದಲ್ಲಿ ನೀರು ಸಿಕ್ಕಾಗ ಬಂದ ಎಲೆ ಬೂದು ಮಿಶ್ರಿತ ಹಸಿರು, ಬೇಸಿಗೆಯ ಎಲೆ ಹೆಚ್ಚುಕಡಿಮೆ ಬೆಳ್ಳಿ. ಒಂದು ಬೆಳ್ಳಿ ಎಲೆ ಕಿತ್ತು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ, ಮೇಲೆ ಕಂಬಳಿ ಹೊದ್ದ ಹಾಗೆ ರೋಮ ಒತ್ತಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಅದು ಬಿಸಿಲನ್ನು ವಾಪಸ್ ಎಸೆಯುವ ಏರ್ಪಾಡು. ಸಮುದ್ರ ತೀರದಲ್ಲಿ ಬೆಳೆಯುವ ಇದರ ದಾಯಾದಿ ಗಿಡದ ಎಲೆಯಲ್ಲಿ ಈ ರೋಮ ಇಲ್ಲ. ಎರಡನ್ನೂ ಹೋಲಿಸಿ 1976ರಲ್ಲೇ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ರೋಮ ಇರುವ ಎಲೆ ಕಡಿಮೆ ಬೆಳಕು ಹೀರುತ್ತದೆ, ಅದರಿಂದ ಎಲೆ ತಂಪಾಗಿರುತ್ತದೆ, ನೀರು ಉಳಿಯುತ್ತದೆ. ಬೂದಿ ರೋಗ ಅಂದುಕೊಂಡು ಯಾರೋ ಇದಕ್ಕೆ ಗಂಧಕದ ಪುಡಿ ಹೊಡೆದದ್ದನ್ನು ನಾನು ನೋಡಿದ್ದೇನೆ, ಬಹಳ ಬೇಜಾರಾಯಿತು. ಬೂದಿ ರೋಗದ ಬಿಳುಪನ್ನು ಉಜ್ಜಿದರೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ, ಕಲೆ ಕಲೆಯಾಗಿರುತ್ತದೆ. ಇದು ಎಲ್ಲ ಎಲೆಯಲ್ಲೂ ಒಂದೇ ಸಮ ಇರುತ್ತದೆ.

ಜೀವ ಇದೆಯಾ ಅಂತ ತಿಳಿಯುವುದು ಹೇಗೆ

ಬೇರೆ ಗಿಡಗಳಲ್ಲಿ ನಾವು ಕಡ್ಡಿ ಬಗ್ಗಿಸಿ ನೋಡುತ್ತೇವೆ, ಬಾಗಿದರೆ ಜೀವ ಇದೆ, ಲಟಕ್ಕನೆ ಮುರಿದರೆ ಸತ್ತಿದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬ್ರಿಟಲ್ ಅಂದರೇ ಪೆಡಸು, ಚೆನ್ನಾಗಿರುವ ಕೊಂಬೆಯೂ ಲಟಕ್ಕನೆ ಮುರಿಯುತ್ತದೆ. ಹಾಗೆ ಮುರಿದು ಮುರಿದು ನೋಡಿ, ಸತ್ತಿದೆ ಅಂತ ತೀರ್ಮಾನಿಸಿ ಬುಡ ಸಮೇತ ಕಿತ್ತವರು ಎಷ್ಟೋ ಜನ.

ಅದರ ಬದಲು ಉಗುರಿನಿಂದ ಕೆರೆದು ನೋಡಿ. ತುದಿಯಿಂದ ಶುರು ಮಾಡಿ, ಗೇಣು ಗೇಣಿಗೆ ಒಂದೊಂದು ಕಡೆ ತೊಗಟೆ ಕೆರೆಯುತ್ತಾ ಬುಡದ ಕಡೆ ಬನ್ನಿ. ಒಳಗೆ ತೇವವಾದ ಹಸಿರು ಅಥವಾ ತಿಳಿ ಹಸಿರು ಕಂಡಲ್ಲಿಂದ ಕೆಳಗೆ ಜೀವ ಇದೆ. ಒಣ ಕಂದು ಬಣ್ಣ ಇದ್ದರೆ ಆ ಭಾಗ ಹೋಗಿದೆ. ಇನ್ನೊಂದು ಗುರುತು ಅಂಟು. ಜೀವ ಇರುವ ಕಾಂಡಕ್ಕೆ ಗಾಯವಾದರೆ ಹಳದಿ ಬಣ್ಣದ ಅಂಟು ಒಸರುತ್ತದೆ, ಒಳ್ಳೆ ಪರಿಮಳ. ಹಿಂದೆ ಸೊನೋರಾ ಕಡೆ ಇದನ್ನು ಚರ್ಚುಗಳಲ್ಲಿ ಧೂಪವಾಗಿ ಸುಡುತ್ತಿದ್ದರು, ಸ್ಪ್ಯಾನಿಷ್‌ನಲ್ಲಿ ಇದರ ಹೆಸರೂ ಧೂಪ ಅಂತಲೇ, ಇನ್ಸಿಯೆನ್ಸೊ. ನನಗಂತೂ ಆ ವಾಸನೆ ಬಂದರೆ ನಮ್ಮೂರ ಗುಡಿಯ ಸಾಂಬ್ರಾಣಿ ನೆನಪಾಗುತ್ತದೆ.

ನೀರು ಜಾಸ್ತಿಯೋ ಕಡಿಮೆಯೋ

ಇದೇ ಮುಖ್ಯ. ಇದನ್ನು ಸರಿಯಾಗಿ ಗುರುತಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಕಷ್ಟ ಏನೆಂದರೆ ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಬಾಡುತ್ತದೆ. ಬೇರು ಕೊಳೆತ ಗಿಡ ನೀರಿನಲ್ಲೇ ನಿಂತಿದ್ದರೂ ಹೀರಲಾರದು. ಬಾಡಿದೆ ಅಂತ ಮತ್ತೆ ನೀರು ಕೊಟ್ಟರೆ ಉಳಿದ ಬೇರೂ ಹೋಗುತ್ತದೆ.

ಮಣ್ಣನ್ನೇ ಕೇಳಬೇಕು. ಜಲ್ಲಿಯನ್ನು ಪಕ್ಕಕ್ಕೆ ಸರಿಸಿ, ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಗಿಡದ ನೆರಳಿನ ಅಂಚಿನಲ್ಲಿ ಮಣ್ಣಿಗೆ ಒತ್ತಿ. ಸಲೀಸಾಗಿ ಹಿಡಿಯವರೆಗೂ ಇಳಿದು, ಹೊರಗೆ ತೆಗೆದಾಗ ಮಣ್ಣು ಮೆತ್ತಿಕೊಂಡು ಬಂದರೆ ಕೆಳಗೆ ತೇವ ಇದೆ. ಒಂದೆರಡು ಇಂಚಿಗೇ ಕಲ್ಲಿನಂತೆ ನಿಂತರೆ ಒಣಗಿದೆ, ಇಲ್ಲವೇ ಕೆಳಗೆ ಗಡಸು ಪದರ ಇದೆ. ಆ ಪದರದ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಗಿಡ ನೋಡಿ. ಮಣ್ಣು ಒಣ, ಎಲೆ ಸಣ್ಣ ಮತ್ತು ಬಿಳಿ, ಕೆಳಗಿನ ಹಳೆ ಎಲೆ ಉದುರಿದೆ, ಕೆರೆದರೆ ಹಸಿರು: ಗಿಡ ಆರಾಮಾಗಿ ನಿದ್ದೆಯಲ್ಲಿದೆ, ಬಿಟ್ಟುಬಿಡಿ. ಮಣ್ಣು ತೇವ, ಎಲೆ ಅಗಲ ಮತ್ತು ಹಸಿರು, ಕೊಂಬೆ ಉದ್ದುದ್ದ ಬೆಳೆದು ನಡುವೆ ಬಾಯಿ ಬಿಟ್ಟಿದೆ: ನೀರು ಜಾಸ್ತಿ, ಇನ್ನೂ ಕೊಳೆತಿಲ್ಲ, ಇವತ್ತೇ ನಿಲ್ಲಿಸಿದರೆ ಉಳಿಯುತ್ತದೆ. ಮಣ್ಣು ತೇವ, ಎಲೆ ಹಳದಿ ತಿರುಗಿ ಮೆತ್ತಗೆ ಜೋತುಬಿದ್ದಿದೆ, ಒಂದು ಪಕ್ಕದ ಕೊಂಬೆ ಪೂರ್ತಿ ಒಟ್ಟಿಗೆ ಬಾಡಿದೆ: ಬುಡದ ಮಣ್ಣು ಬಿಡಿಸಿ ನೋಡಿ. ತೊಗಟೆ ಕಪ್ಪಾಗಿ ಜಾರಿ ಬರುತ್ತಿದ್ದರೆ ಬೇರು ಕೊಳೆ ರೋಗ. ಸುತ್ತಲೂ ಹಾಗೇ ಆಗಿದ್ದರೆ ಉಳಿಸಲು ಆಗುವುದಿಲ್ಲ. ಒಂದು ಪಕ್ಕ ಗಟ್ಟಿ ಇದ್ದರೆ ನೀರು ಪೂರ್ತಿ ನಿಲ್ಲಿಸಿ, ಬುಡಕ್ಕೆ ಗಾಳಿ ಆಡುವಂತೆ ಬಿಟ್ಟು ಕಾಯಿರಿ.

ನಿಜವಾಗಿ ನೀರು ಕಡಿಮೆಯಾಗಿ ಸಾಯುವುದೇ ಇಲ್ಲವಾ? ಸಾಯುತ್ತದೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ವರ್ಷ ಸಗ್ವಾರೊ ಕಳ್ಳಿಗಳೇ ಕುಸಿದು ಬಿದ್ದವು. ಅಂಥ ಬೇಸಿಗೆಯಲ್ಲಿ, ಪಶ್ಚಿಮದ ಗೋಡೆಗೆ ಅಂಟಿಕೊಂಡು ನೆಟ್ಟ ಗಿಡಕ್ಕೆ, ಅದರಲ್ಲೂ ನೆಟ್ಟು ವರ್ಷ ಆಗಿರದಿದ್ದರೆ, ನೀರು ಬೇಕೇ ಬೇಕು. ಗುರುತು ಇದು: ತುದಿಯ ಬಿಳಿ ಎಲೆಗಳೂ ಗರಿಗರಿಯಾಗಿ ಒಣಗಿವೆ, ಕೆರೆದರೆ ಹಸಿರು ಇದೆ ಆದರೆ ತೇವ ಇಲ್ಲ, ಮಣ್ಣು ಗೇಣುದ್ದ ಕೆಳಗೂ ದೂಳು. ಆಗ ಸಂಜೆ ಹೊತ್ತು ನಿಧಾನವಾಗಿ ಒಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟು ನಿಲ್ಲಿಸಿ. ಪೊದೆ ಗಿಡಕ್ಕೆ ಎರಡು ಅಡಿ ಆಳ ನೆನೆಯಬೇಕು. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಮೇಲಿನ ನಾಲ್ಕು ಇಂಚು ಮಾತ್ರ ನೆನೆದು ಬೇರು ಮೇಲೆಯೇ ಉಳಿಯುತ್ತದೆ. ನೆಲ ಹಿಡಿದ ಹಳೆ ಗಿಡಕ್ಕೆ ನಾನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕೊಡುತ್ತೇನೆ, ಮಳೆ ಬಿದ್ದರೆ ಅದೂ ಇಲ್ಲ.

ನೀವು ಹಾಕದಿದ್ದರೂ ನೀರು ಎಲ್ಲಿಂದ ಬರುತ್ತದೆ?

"ನಾನು ನೀರೇ ಹಾಕಲ್ಲ, ಆದ್ರೂ ಮಣ್ಣು ಒದ್ದೆ" ಅಂತ ಹೇಳುವವರು ಡ್ರಿಪ್ ಲೈನ್ ನೋಡಬೇಕು. ಇಲ್ಲಿನ ಬಹಳ ಮನೆಗಳಲ್ಲಿ ಎಲ್ಲ ಪೊದೆಗಳಿಗೂ ಒಂದೇ ವಾಲ್ವ್. ಅದೇ ಲೈನಿನಲ್ಲಿ ಗುಲಾಬಿ ಇದೆ, ನಿಂಬೆ ಗಿಡ ಇದೆ, ನಾವು ಪ್ರೀತಿಯಿಂದ ನೆಟ್ಟ ಕರಿಬೇವೂ ಇದೆ. ಕರಿಬೇವಿಗೆ ಸಾಲಲಿಲ್ಲ ಅಂತ ಟೈಮರ್ ಏರಿಸಿದರೆ ಬ್ರಿಟಲ್‌ಬುಷ್‌ಗೂ ಅಷ್ಟೇ ನೀರು ಹೋಗುತ್ತದೆ. ಪರಿಹಾರ ಸುಲಭ. ಬ್ರಿಟಲ್‌ಬುಷ್‌ಗೆ ಬರುವ ಸಣ್ಣ ಪೈಪಿನ ಡ್ರಿಪ್ಪರ್ ತೆಗೆದು ಅಲ್ಲಿಗೆ ಬಿರಡೆ ಹಾಕಿ, ಬೇಕಾದಾಗ ಕೈಯಲ್ಲಿ ಕೊಡಿ.

ಲೈನ್ ಓಡಿಸಿ ಹತ್ತು ನಿಮಿಷ ಪಕ್ಕದಲ್ಲೇ ಕೂತು ನೋಡುವುದೂ ಒಳ್ಳೆಯದು. ಡ್ರಿಪ್ಪರ್ ಕಳಚಿ ಬಿದ್ದು ಪೈಪಿನಿಂದ ನೇರ ನೀರು ಹರಿಯುತ್ತಿರಬಹುದು, ಜಲ್ಲಿಯ ಕೆಳಗೆ ಇರುವುದರಿಂದ ಮೇಲೆ ಏನೂ ಕಾಣುವುದಿಲ್ಲ. ನೆಟ್ಟಾಗ ಬುಡಕ್ಕೆ ತಾಗಿಸಿ ಇಟ್ಟ ಡ್ರಿಪ್ಪರ್ ಐದು ವರ್ಷವಾದರೂ ಅಲ್ಲೇ ಇರುತ್ತದೆ, ಅದನ್ನು ಎಲೆಯ ಅಂಚಿಗೆ ಸರಿಸಬೇಕು. ಹಾಗೇ ಜಲ್ಲಿಯನ್ನೂ ನೋಡಿ. ಪ್ರತಿ ವರ್ಷ ಹೊಸ ಜಲ್ಲಿ ಸುರಿದು ಬುಡ ನಾಲ್ಕು ಇಂಚು ಮುಚ್ಚಿಹೋಗಿದ್ದರೆ ಕಾಂಡದ ತೊಗಟೆ ಸದಾ ಒದ್ದೆ ಇರುತ್ತದೆ, ಕೊಳೆ ಅಲ್ಲಿಂದಲೇ ಶುರು.

ಕಲೀಚಿ

ಈಗ ಆ ಗಡಸು ಪದರ. ಈ ಮರುಭೂಮಿಯ ಮಣ್ಣಿನಲ್ಲಿ ಸುಣ್ಣದ ಅಂಶ ಕೂಡಿಕೊಂಡು ಸಿಮೆಂಟಿನಂತೆ ಗಟ್ಟಿಯಾದ ಬಿಳಿ ಪದರ ಇರುತ್ತದೆ, ಇಲ್ಲಿನವರು ಕಲೀಚಿ ಅನ್ನುತ್ತಾರೆ. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಅದರ ಮೇಲೆ ಗುಂಡಿ ತೋಡಿ ನೆಟ್ಟರೆ ಬಾನಿಯಲ್ಲಿ ನೆಟ್ಟ ಹಾಗೆ, ನೀರು ಕೆಳಗೆ ಇಳಿಯುವುದಿಲ್ಲ. ನೀವು ಕಡಿಮೆ ನೀರು ಕೊಟ್ಟರೂ ಬೇರು ಕೊಳೆಯುವುದಕ್ಕೆ ಇದೊಂದು ಕಾರಣ.

ಪರೀಕ್ಷೆ: ಗಿಡದಿಂದ ಎರಡು ಮೂರು ಅಡಿ ದೂರದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಕೆಲವು ಗಂಟೆಯಲ್ಲಿ ಇಂಗಿದರೆ ಸರಿ. ಮರುದಿನ ಬೆಳಗ್ಗೆಯೂ ನಿಂತಿದ್ದರೆ ಅಲ್ಲಿ ಬ್ರಿಟಲ್‌ಬುಷ್ ನೆಮ್ಮದಿಯಾಗಿ ಬದುಕುವುದಿಲ್ಲ. ಕಲೀಚಿಯನ್ನು ಹಾರೆಯಿಂದ ತೂತು ಮಾಡಿ ನೀರಿಗೆ ದಾರಿ ಬಿಡಬಹುದು, ತೆಳು ಪದರವಾದರೆ ಸಾಧ್ಯ. ದಪ್ಪ ಇದ್ದರೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಗೊಬ್ಬರ, ಕಾಂಪೋಸ್ಟ್ ಸೇರಿಸಬೇಡಿ. ಕೊಬ್ಬಿದ ಗಿಡ ಬೇಗ ಮುರಿಯುತ್ತದೆ, ನಮ್ಮ ಮನೆಯದು ಮುರಿದದ್ದೂ ಹಾಗೇ.

ಗಿಡ ಚೆನ್ನಾಗಿದೆ, ಹೂವೇ ಇಲ್ಲ

ಕಾರಣ ಎರಡೇ ಎರಡು ಅಂತ ಇಟ್ಟುಕೊಳ್ಳಿ: ನೆರಳು, ಇಲ್ಲವೇ ಕತ್ತರಿ.

ಪಕ್ಕದ ಪಾಲೊವರ್ಡೆ ಮರ ಬೆಳೆದು ನೆರಳು ಕೊಟ್ಟಿದ್ದರೆ ಎಲೆ ಹಸಿರಾಗಿ ದೊಡ್ಡದಾಗುತ್ತದೆ, ಹೂ ಕಡಿಮೆಯಾಗುತ್ತದೆ. ಹಸಿರು ನೋಡಿ ನೀರು ಜಾಸ್ತಿ ಅಂದುಕೊಳ್ಳುವ ಮುಂಚೆ ಬಿಸಿಲು ಬೀಳುವ ಮಗ್ಗುಲಿನ ಎಲೆಯನ್ನೂ ನೆರಳಿನ ಮಗ್ಗುಲಿನ ಎಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಿಸಿಲಿನದು ಬೆಳ್ಳಗೆ, ನೆರಳಿನದು ಹಸಿರು ಇದ್ದರೆ ನೆರಳೇ ಕಾರಣ. ಎರಡೂ ಹಸಿರಾದರೆ ನೀರು.

ಕತ್ತರಿಯದು ಇನ್ನೂ ಸಂಕಟ. ತಿಂಗಳಿಗೊಮ್ಮೆ ಬರುವ ತೋಟದ ಕೆಲಸದವರು ಮಶಿನ್ ಹಿಡಿದು ಎಲ್ಲ ಗಿಡವನ್ನೂ ಚೆಂಡಿನಂತೆ ಬೋಳಿಸಿ ಹೋಗುತ್ತಾರೆ. ನವೆಂಬರ್‌ನಿಂದ ಜನವರಿಯೊಳಗೆ ಹೀಗೆ ಮಾಡಿದರೆ ಫೆಬ್ರವರಿಯ ಹೂವಿನ ಕಡ್ಡಿ ಬರುವ ಚಿಗುರೇ ಹೋಯಿತು. ಅವರಿಗೆ ಒಂದು ಮಾತು ಹೇಳಿ, ಗಿಡಕ್ಕೆ ಒಂದು ಕೆಂಪು ದಾರ ಕಟ್ಟಿ ತೋರಿಸಿ, ನಾನು ಹಾಗೇ ಮಾಡಿದ್ದು. ಸವರುವುದಾದರೆ ಹೂ ಮುಗಿದ ಮೇಲೆ ಮೇ ತಿಂಗಳಲ್ಲಿ, ಹೂವಿನ ಕಡ್ಡಿಗಳನ್ನು ಎಲೆಯ ಮಟ್ಟಕ್ಕೆ ಕೈ ಕತ್ತರಿಯಿಂದ ತೆಗೆಯಿರಿ. ಅದನ್ನೂ ಪೂರ್ತಿ ಮಾಡಬೇಡಿ, ಸಣ್ಣ ಹಳದಿ ಫಿಂಚ್ ಹಕ್ಕಿಗಳು ಬೀಜ ತಿನ್ನಲು ಬರುತ್ತವೆ, ಒಂದೊಂದು ಕಡ್ಡಿಗೆ ಜೋತುಬಿದ್ದು ತೂಗುತ್ತಾ ತಿನ್ನುತ್ತವೆ.

ಹುಳ, ಹೇನು, ಚಳಿ

ಹೂವಿನ ಕಡ್ಡಿಗೆ ಹೇನು ಮುತ್ತುವುದು ಪ್ರತಿ ವಸಂತದಲ್ಲೂ ಇದ್ದದ್ದೇ. ಪೈಪಿನಿಂದ ಜೋರಾಗಿ ನೀರು ಹೊಡೆದರೆ ಉದುರುತ್ತವೆ, ಆಮೇಲೆ ಗುಲಗಂಜಿ ಹುಳುಗಳು ಬಂದು ನೋಡಿಕೊಳ್ಳುತ್ತವೆ. ಎಲೆಯಲ್ಲಿ ತೂತು, ಅಂಚೆಲ್ಲ ಕೊರೆದಂತೆ ಇದ್ದರೆ ಎಲೆ ಹಿಂದೆ ನೋಡಿ. ಲೋಹದ ಹೊಳಪಿನ ನೀಲಿ ಹಸಿರು ಮರಿಹುಳು ಕಂಡರೆ ಅದು ಎನ್ಸೀಲಿಯಾ ಎಲೆ ದುಂಬಿಯ ಮರಿ. ಈ ಗಿಡವನ್ನೇ ನಂಬಿ ಬದುಕುವ ಹುಳ. ಕೆಲವು ವರ್ಷ ಗಿಡವನ್ನು ಬೋಳು ಮಾಡುವಷ್ಟು ಬರುತ್ತವೆ, ನೋಡಲು ಭಯವಾಗುತ್ತದೆ, ಆದರೆ ಬೇರು ಗಟ್ಟಿ ಇದ್ದರೆ ಗಿಡ ಮತ್ತೆ ಚಿಗುರುತ್ತದೆ. ಔಷಧಿ ಹೊಡೆಯಬೇಡಿ, ಹೂವಿಗೆ ಬರುವ ಜೇನುಹುಳುಗಳೂ ಸಾಯುತ್ತವೆ.

ಜನವರಿಯಲ್ಲಿ ಒಂದು ರಾತ್ರಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಹೋದರೆ ತುದಿಗಳು ಕಪ್ಪಾಗುತ್ತವೆ. ಹಾಗೇ ಬಿಡಿ, ಆ ಸತ್ತ ತುದಿಯೇ ಕೆಳಗಿನದಕ್ಕೆ ಹೊದಿಕೆ. ಚಳಿ ಪೂರ್ತಿ ಹೋದ ಮೇಲೆ ಕೆರೆದು ನೋಡಿ, ಹಸಿರು ಸಿಕ್ಕಲ್ಲಿಗೆ ಕತ್ತರಿಸಿ.

ಗಿಡದ ಕೆಳಗೆ ಬೇರೆ ಏನೂ ಹುಟ್ಟುತ್ತಿಲ್ಲ ಅಂತಲೂ ಕೆಲವರು ಚಿಂತೆ ಮಾಡುತ್ತಾರೆ. 1948ರಲ್ಲಿ ಇದರ ಎಲೆಯಿಂದ ಬೇರೆ ಸಸಿಗಳ ಬೆಳವಣಿಗೆ ತಡೆಯುವ ರಾಸಾಯನಿಕ ಬೇರ್ಪಡಿಸಿ ತೋರಿಸಿದ್ದರು. ಹೊರಗಿನ ನೆಲದಲ್ಲಿ ಅದರ ಪ್ರಭಾವ ಅಷ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. ಹೇಗೂ ಅದು ದೋಷವಲ್ಲ.

ಹೋಯಿತು ಅಂತ ಖಚಿತವಾದರೆ

ಬುಡದವರೆಗೂ ಕೆರೆದಿರಿ, ಎಲ್ಲೂ ಹಸಿರಿಲ್ಲ, ಅಂಟಿಲ್ಲ, ಎರಡು ಒಳ್ಳೆ ಮಳೆಯಾದರೂ ಚಿಗುರಿಲ್ಲ. ಆಗ ಕೀಳಿ. ಕಿತ್ತ ಬೇರು ನೋಡದೆ ಎಸೆಯಬೇಡಿ. ಗಟ್ಟಿ ಒಣ ಬೇರಾದರೆ ಬರ, ಮೆತ್ತಗೆ ಕಪ್ಪಾದರೆ ನೀರು, ಕುಂಡದ ಆಕಾರದಲ್ಲೇ ಸುತ್ತಿಕೊಂಡು ನಿಂತಿದ್ದರೆ ನೆಡುವಾಗ ಬೇರು ಬಿಡಿಸಿರಲಿಲ್ಲ. ಕೊಳೆತು ಸತ್ತ ಜಾಗದಲ್ಲೇ, ನೀರಿನ ದಾರಿ ಸರಿಮಾಡದೆ, ಇನ್ನೊಂದು ನೆಟ್ಟರೆ ಅದೂ ಹೋಗುತ್ತದೆ.

ಹೊಸದನ್ನು ಕೊಳ್ಳುವ ಮುಂಚೆ ಸುತ್ತ ಜಲ್ಲಿಯಲ್ಲಿ ಬಗ್ಗಿ ಹುಡುಕಿ. ಹಳೆ ಗಿಡದ ಬೀಜ ಚಳಿಗಾಲದ ಮಳೆಗೆ ತಾನೇ ಮೊಳೆತಿರುತ್ತದೆ, ಹೆಬ್ಬೆರಳಷ್ಟು ಸಸಿ, ಬೂದು ಎಲೆ, ಮುಟ್ಟಿದರೆ ಮಖಮಲ್. ಕಳೆ ಅಂತ ಕೀಳುವವರೇ ಜಾಸ್ತಿ. ನಮ್ಮ ಮನೆಯಲ್ಲಿ ಅಂಥ ಎರಡು ಸಿಕ್ಕವು. ಒಂದು ಕಾಲುದಾರಿಯ ಅಂಚಿನಲ್ಲಿತ್ತು, ಅಕ್ಟೋಬರ್ ಕೊನೆಯಲ್ಲಿ ಬಿಸಿಲು ಇಳಿದ ಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಿ ಬೇರೆ ಕಡೆ ನೆಟ್ಟೆ. ಇನ್ನೊಂದನ್ನು ಇದ್ದಲ್ಲೇ ಬಿಟ್ಟೆ, ಅದೇ ಈಗ ಸೊಂಟದೆತ್ತರ ಇದೆ. ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. "ನೀರು ಹಾಕ್ಬೇಡಪ್ಪ ಅದಕ್ಕೆ" ಅಂದರು.